ನಗು ಗೆರೆ ದಾಟುವ ಜಾಗ: ಚುಟುಕಗಳಿಗೆ ಟ್ಯಾಗ್ ಹಾಕಿ ಓದುವ ಬಗೆ

ನಗೆಗವನ ಓದಿ ನಕ್ಕವರನ್ನು ‘ನಗು ಬಂದದ್ದು ಎಲ್ಲಿ?’ ಎಂದು ಕೇಳಿದರೆ ಹೆಚ್ಚಿನವರು ಕೊನೆಯ ಸಾಲನ್ನು ತೋರಿಸುತ್ತಾರೆ. ಆ ಸಾಲಿನ ಯಾವ ಮಾತಿನಲ್ಲಿ, ಮಾತಿನ ಯಾವ ಅಕ್ಷರದ ಹತ್ತಿರ, ಅದಕ್ಕೆ ಮೊದಲಿನ ಸಾಲುಗಳು ಏನನ್ನು ಅಣಿಮಾಡಿಟ್ಟಿದ್ದವು ಎಂದು ಮುಂದೆ ಕೇಳುತ್ತ ಹೋದರೆ ಉತ್ತರ ತೊದಲುತ್ತದೆ. ಛಂದಸ್ಸು ಬಲ್ಲವರೂ ಹಾಸ್ಯದ ವಿಷಯಕ್ಕೆ ಬಂದಾಗ ಅಂದಾಜಿನಲ್ಲೇ ಮಾತಾಡುತ್ತಾರೆ. ಅಂದಾಜು ಬಿಟ್ಟು ಬೆರಳಿಟ್ಟು ತೋರಿಸಲು ನೆರವಾಗುವ ಸಾಧನವೊಂದು ಕಂಪ್ಯೂಟರ್ ಲೋಕದಲ್ಲಿ ಬಹಳ ಕಾಲದಿಂದ ಇದೆ. ಅದೇ ಮಾರ್ಕಪ್ ಭಾಷೆ. ಕವನದ ಭಾಗಭಾಗಕ್ಕೂ ಹೆಸರಿನ ಪಟ್ಟಿ ಅಂಟಿಸಿ, ಅಂಟಿಸಿದ್ದನ್ನು ಯಂತ್ರ ಎಣಿಸುವಂತೆ, ಹುಡುಕುವಂತೆ ಮಾಡುವುದು ಅದರ ಕೆಲಸ. ಕಾವ್ಯಕ್ಕೆ ಇದನ್ನು ಬಳಸುವವರು ಸಾಮಾನ್ಯವಾಗಿ ಟ್ಯಾಗುಗಳು ಅಚ್ಚುಕಟ್ಟಾಗಿ ಕೂತರೆ ಗೆದ್ದೆವೆಂದುಕೊಳ್ಳುತ್ತಾರೆ. ನಗೆಗವನದ ಮಟ್ಟಿಗೆ ನನ್ನ ವಾದ ಇದಕ್ಕೆ ತಿರುಗಾಮುರುಗಾ: ಟ್ಯಾಗುಗಳು ಕೂರಲೊಲ್ಲದೆ ಒಂದಕ್ಕೊಂದು ಅಡ್ಡಬಿದ್ದು, ಯಂತ್ರ ‘ದೋಷವಿದೆ’ ಎಂದು ನಿಂತುಬಿಡುವ ಜಾಗವನ್ನೇ ಮೊದಲು ಹುಡುಕಬೇಕು. ಮಾತಿನ ಆಟದ ಮೇಲೆ ನಿಂತ ಚುಟುಕಗಳಲ್ಲಿ ನಗುವಿನ ಕೀಲು ಬಹುಪಾಲು ಅಲ್ಲೇ ಇರುತ್ತದೆ.

ಮೊದಲು ಸಾಧನದ ಪರಿಚಯ. ಮಾರ್ಕಪ್ಪಿನ ಮೂಲ ಅಚ್ಚುಮನೆಯಲ್ಲಿದೆ. ‘ಇದು ಶೀರ್ಷಿಕೆ, ಇದು ದಪ್ಪಕ್ಷರ’ ಎಂದು ಹಸ್ತಪ್ರತಿಯ ಅಂಚಿನಲ್ಲಿ ಮೊಳೆ ಜೋಡಿಸುವವರಿಗೆ ಬರೆದ ಸೂಚನೆಗಳೇ ಮೊದಲ ಮಾರ್ಕಪ್. 1969ರ ಸುಮಾರಿಗೆ ಐಬಿಎಮ್ಮಿನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಜೊತೆಗಾರರು ಇದನ್ನು ಕಂಪ್ಯೂಟರಿಗೆ ಒಗ್ಗಿಸಿದರು. 1986ರಲ್ಲಿ ಎಸ್‌ಜಿಎಮ್‌ಎಲ್ ಅಂತರರಾಷ್ಟ್ರೀಯ ಮಾನಕವಾಯಿತು, ಅದರ ಸರಳ ರೂಪವಾದ ಎಕ್ಸ್‌ಎಮ್‌ಎಲ್ 1998ರ ಫೆಬ್ರುವರಿಯಲ್ಲಿ ಬಂತು. ಇಲ್ಲಿ ಕನ್ನಡಿಗರು ಮರೆಯಬಾರದ ಒಂದು ಸಂಗತಿಯಿದೆ. ಎಕ್ಸ್‌ಎಮ್‌ಎಲ್ಲಿನಲ್ಲಿ ಟ್ಯಾಗುಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ. ಮೊದಲ ಆವೃತ್ತಿಯಿಂದಲೇ ಕನ್ನಡ ಅಕ್ಷರಗಳಿಗೆ ಅಲ್ಲಿ ಜಾಗವಿದೆ. ಸಾಲಿಗೆ ‘ಸಾಲು’, ಗಣಕ್ಕೆ ‘ಗಣ’, ಪ್ರಾಸಕ್ಕೆ ‘ಪ್ರಾಸ’ ಎಂದೇ ಹೆಸರಿಡಬಹುದು. ನಾಗವರ್ಮನ ‘ಛಂದೋಂಬುಧಿ’ಯಿಂದ ಇಲ್ಲಿಯವರೆಗೆ ಸಾವಿರ ವರ್ಷ ಮಾಗಿದ ಪರಿಭಾಷೆ ನಮ್ಮಲ್ಲಿರುವಾಗ, ಕನ್ನಡ ಪದ್ಯವನ್ನು ಇಂಗ್ಲಿಷ್ ಹೆಸರುಗಳಲ್ಲಿ ಕಟ್ಟಿಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಹಾಗೆಂದು ಹೊರಗಿನ ಅನುಭವವನ್ನು ಬಿಡಬೇಕಿಲ್ಲ. ಅಮೆರಿಕದ ವಾಸರ್ ಕಾಲೇಜಿನಲ್ಲಿ 1987ರಲ್ಲಿ ನಡೆದ ಸಭೆಯಿಂದ ಹುಟ್ಟಿದ ಟಿಇಐ ಎಂಬ ಮಾರ್ಗಸೂಚಿ, ಸಾಹಿತ್ಯ ಪಠ್ಯಗಳಿಗೆ ಟ್ಯಾಗ್ ಹಾಕುವ ಕ್ರಮವನ್ನು ವಿವರವಾಗಿ ರೂಪಿಸಿದೆ. 2007ರಲ್ಲಿ ಬಂದ ಅದರ ಐದನೆಯ ರೂಪವಾದ ಪಿ5 ಇಂದಿಗೂ ಬಳಕೆಯಲ್ಲಿದೆ. ಪದ್ಯಕ್ಕೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಅದರಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಎರಡು ಗುಣವಾಚಿಗಳು, ಅಂದರೆ ಟ್ಯಾಗಿನೊಳಗೆ ಬರೆಯುವ ವಿವರಗಳು, ‘ಮೆಟ್’ ಮತ್ತು ‘ರಿಯಲ್’. ಮೊದಲನೆಯದು ಛಂದಸ್ಸಿನ ನಿಯಮ ಏನು ಕೇಳುತ್ತದೆ ಎಂಬುದನ್ನು, ಎರಡನೆಯದು ಈ ಸಾಲಿನಲ್ಲಿ ನಿಜಕ್ಕೂ ಏನು ನಡೆದಿದೆ ಎಂಬುದನ್ನು ದಾಖಲಿಸುತ್ತದೆ. ನಿರೀಕ್ಷೆ ಒಂದು, ಬಂದದ್ದು ಇನ್ನೊಂದು. ಹಾಸ್ಯದ ಹಲವು ಸಿದ್ಧಾಂತಗಳು ಹೇಳುವುದೂ ಇದನ್ನೇ. ಎರಡನ್ನೂ ಬೇರೆಬೇರೆಯಾಗಿ ಬರೆದಿಡುವ ಅಭ್ಯಾಸ ಬಂದರೆ ಅವುಗಳ ನಡುವಿನ ಅಂತರ ತಾನಾಗಿ ಕಣ್ಣಿಗೆ ಬೀಳುತ್ತದೆ.

ಈಗ ಒಂದು ಪದ್ಯವನ್ನು ಹತ್ತಿರದಿಂದ ನೋಡೋಣ. ಈ ಲೇಖನಕ್ಕೆಂದೇ ಕಟ್ಟಿದ ನಾಲ್ಕು ಸಾಲು ಹೀಗಿದೆ:

ಪಕ್ಕದ ಮನೆಯಲಿ ಗಾಯಕ, ನೋಡು;
ನಿದ್ದೆಯ ಗಂಟಿಗೆ ಕಾವಲು ಇಲ್ಲ.
ದೋಚಿದನೆಲ್ಲವ ಹೇಗೆನೆ, ಹಾಡು-
ಹಗಲೇ! ಪೊಲೀಸು ಕೇಳುವುದಿಲ್ಲ.

ಪ್ರತಿ ಸಾಲಿನಲ್ಲೂ ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆಯ ಒಂದು ಗಣ. ಬಿಟ್ಟ ಒಂದು ಮಾತ್ರೆ ಉಸಿರಿಗೆ. ಪ್ರಾಸ ಒಂದು ಬಿಟ್ಟು ಒಂದು ಸಾಲಿಗೆ: ನೋಡು-ಹಾಡು, ಇಲ್ಲ-ದಿಲ್ಲ. ಗಣಗಳನ್ನು ಗುರುತಿಸಿದರೆ ಕೊನೆಯ ಎರಡು ಸಾಲು ಹೀಗೆ ಕಾಣುತ್ತವೆ:

<ಸಾಲು ಸಂಖ್ಯೆ="3" ಪ್ರಾಸ="ಕ"><ಗಣ>ದೋಚಿದ</ಗಣ><ಗಣ>ನೆಲ್ಲವ</ಗಣ> <ಗಣ>ಹೇಗೆನೆ</ಗಣ>, <ಗಣ>ಹಾಡು</ಗಣ>-</ಸಾಲು>
<ಸಾಲು ಸಂಖ್ಯೆ="4" ಪ್ರಾಸ="ಖ"><ಗಣ>ಹಗಲೇ</ಗಣ>! <ಗಣ>ಪೊಲೀಸು</ಗಣ> <ಗಣ>ಕೇಳುವು</ಗಣ><ಗಣ>ದಿಲ್ಲ</ಗಣ>.</ಸಾಲು>

ಇಷ್ಟರವರೆಗೆ ಯಂತ್ರಕ್ಕೆ ತಕರಾರಿಲ್ಲ. ಗಣ ಸಾಲಿನೊಳಗೆ, ಸಾಲು ಪದ್ಯದೊಳಗೆ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಎಲ್ಲವೂ ಅಡಕವಾಗಿವೆ. ಈಗ ಪದ್ಯದ ಶ್ಲೇಷೆಗೆ ಟ್ಯಾಗ್ ಹಾಕಲು ಹೋಗಿ. ‘ಹಾಡುಹಗಲೇ’ ಎಂಬ ಒಂದೇ ಮಾತು ಮೂರನೆಯ ಸಾಲಿನಲ್ಲಿ ತೆರೆದು ನಾಲ್ಕನೆಯದರಲ್ಲಿ ಮುಚ್ಚುತ್ತದೆ:

<ಸಾಲು ಸಂಖ್ಯೆ="3">ದೋಚಿದನೆಲ್ಲವ ಹೇಗೆನೆ, <ಶ್ಲೇಷೆ>ಹಾಡು-</ಸಾಲು>
<ಸಾಲು ಸಂಖ್ಯೆ="4">ಹಗಲೇ!</ಶ್ಲೇಷೆ> ಪೊಲೀಸು ಕೇಳುವುದಿಲ್ಲ.</ಸಾಲು>

ಈ ಕಡತವನ್ನು ಎಕ್ಸ್‌ಎಮ್‌ಎಲ್ ಆಗಿ ಉಳಿಸಿ ಬ್ರೌಸರಿನಲ್ಲಿ ತೆರೆದರೆ ಪದ್ಯ ಪೂರ್ತಿ ಕಾಣುವುದಿಲ್ಲ, ಟ್ಯಾಗುಗಳು ಹೊಂದುತ್ತಿಲ್ಲ ಎಂಬ ದೋಷದ ಸಂದೇಶ ಬರುತ್ತದೆ. ಜಾಲಪುಟಗಳ ಎಚ್‌ಟಿಎಮ್‌ಎಲ್ ಇಷ್ಟು ಕಟ್ಟುನಿಟ್ಟಲ್ಲ. ಅಡ್ಡಬಿದ್ದ ಟ್ಯಾಗುಗಳನ್ನು ಬ್ರೌಸರು ಸದ್ದಿಲ್ಲದೆ ಸರಿಪಡಿಸಿ ಮುಂದೆ ಹೋಗುತ್ತದೆ. ನಮ್ಮ ಕೆಲಸಕ್ಕೆ ಆ ಔದಾರ್ಯ ಬೇಡ. ಎಕ್ಸ್‌ಎಮ್‌ಎಲ್ ಹಟ ಹಿಡಿದು ನಿಲ್ಲುವುದೇ ಇಲ್ಲಿ ಲಾಭ, ಏಕೆಂದರೆ ಅದು ನಿಂತಿರುವುದು ಸರಿಯಾಗಿ ಪದ್ಯದ ನಗು ಇರುವ ಜಾಗದಲ್ಲಿ. ಅಲ್ಲಿ ಏನಾಗುತ್ತಿದೆ ನೋಡಿ. ಸಾಲು ‘ಹಾಡು’ ಎಂದು ಮುಗಿಯುತ್ತದೆ. ಆಮೇಲೆ ಛಂದಸ್ಸೇ ಕಡ್ಡಾಯ ಮಾಡಿದ ಒಂದು ಮಾತ್ರೆಯ ಮೌನ ಬರುತ್ತದೆ. ಆ ಮೌನದಲ್ಲಿ ಕೇಳುಗನ ಮನಸ್ಸು ‘ಹಾಡು’ ಎಂಬುದನ್ನು ಪೂರ್ಣ ಪದವಾಗಿ ತೆಗೆದುಕೊಂಡು ಮೊದಲ ಸಾಲಿನ ಗಾಯಕನಿಗೆ ಜೋಡಿಸಿಬಿಡುತ್ತದೆ. ಮರುಕ್ಷಣ ‘ಹಗಲೇ’ ಬಂದು, ಮುಗಿಯಿತೆಂದುಕೊಂಡ ಪದವನ್ನು ಮತ್ತೆ ತೆರೆದು ದರೋಡೆಯ ಕಡೆಗೆ ಎಳೆಯುತ್ತದೆ. ಸಾಲಿನ ಲೆಕ್ಕದಲ್ಲಿ ಎರಡು, ಮಾತಿನ ಲೆಕ್ಕದಲ್ಲಿ ಒಂದು. ಎರಡು ಲೆಕ್ಕವೂ ಸರಿ, ಎರಡೂ ಒಟ್ಟಿಗೆ ಕೂರಲಾರವು. ಯಂತ್ರಕ್ಕೆ ದೋಷವಾಗಿ ಕಂಡದ್ದು ಓದುಗನಿಗೆ ನಗುವಾಗಿ ಕಾಣುತ್ತದೆ.

ಇದರ ಹಿಂದಿನ ಸಮಸ್ಯೆ ಪಂಡಿತರಿಗೆ ಹೊಸದಲ್ಲ. ಪಠ್ಯವೆಂದರೆ ಒಂದರೊಳಗೊಂದು ಅಡಕವಾದ ಭಾಗಗಳ ಕ್ರಮಬದ್ಧ ಶ್ರೇಣಿ ಎಂದು 1990ರಲ್ಲಿ ಸ್ಟೀವನ್ ಡಿರೋಸ್, ಡೇವಿಡ್ ಡ್ಯುರಾಂಡ್, ಎಲ್ಲಿ ಮೈಲೋನಾಸ್, ಆಲೆನ್ ರೆನಿಯರ್ ಎಂಬವರು ಒಂದು ಹೆಸರಾಂತ ಲೇಖನದಲ್ಲಿ ವಾದಿಸಿದ್ದರು. ಪದ್ಯದ ಸಾಲು ಒಂದು ಕಡೆ, ವಾಕ್ಯ ಇನ್ನೊಂದು ಕಡೆ ಮುಗಿಯುವಂಥ ಸಾಮಾನ್ಯ ಉದಾಹರಣೆಗಳೇ ಅದಕ್ಕೆ ಎದುರುಸಾಕ್ಷಿಯಾದವು, ಆ ಗುಂಪಿನವರೇ ಕೆಲವು ವರ್ಷಗಳಲ್ಲಿ ವಾದವನ್ನು ಸಡಿಲಿಸಿದರು. ಅಡ್ಡಬೀಳುವ ಗುರುತುಗಳಿಗೆಂದೇ 2002ರಲ್ಲಿ ಜೆನಿ ಟೆನಿಸನ್ ಮತ್ತು ವೆಂಡೆಲ್ ಪೀಜ್ ಎಲ್‌ಎಮ್‌ಎನ್‌ಎಲ್ ಎಂಬ ಬೇರೆ ಮಾರ್ಕಪ್ ಭಾಷೆಯನ್ನು ಮುಂದಿಟ್ಟರು. ಅದು ಬಳಕೆಯಲ್ಲಿ ಹೆಚ್ಚು ಹರಡಲಿಲ್ಲವಾದರೂ, ಪಠ್ಯವನ್ನು ಮರದಂತೆ ಕವಲೊಡೆಯುವ ಬದಲು ಪಟ್ಟಿಪಟ್ಟಿಯಾಗಿ ಗುರುತಿಸಬಹುದು ಎಂಬ ಅದರ ವಿಚಾರ ಉಳಿದುಕೊಂಡಿದೆ.

ದೋಷ ಕಂಡಿತು, ಜಾಗ ಗೊತ್ತಾಯಿತು. ಆದರೆ ಕಡತ ಕೆಲಸ ಮಾಡಬೇಕಲ್ಲ. ಟಿಇಐ ಇದಕ್ಕೆ ಹಲವು ದಾರಿ ಹೇಳುತ್ತದೆ. ಒಂದು, ಶ್ಲೇಷೆಯನ್ನು ಎರಡು ತುಂಡು ಮಾಡಿ ‘ಮೊದಲ ಭಾಗ’, ‘ಕೊನೆಯ ಭಾಗ’ ಎಂದು ಹೆಸರಿಸುವುದು. ಕನ್ನಡದ ಹನಿಗವನಗಳಿಗೆ ಇದು ಒಗ್ಗುವುದಿಲ್ಲ, ಒಂದಾಗಿರುವುದೇ ಶ್ಲೇಷೆಯ ಜೀವವಾಗಿರುವಾಗ ತುಂಡು ಮಾಡುವುದು ಪದ್ಯದ ಬಗ್ಗೆ ಸುಳ್ಳು ಹೇಳಿದಂತೆ. ಎರಡನೆಯದು, ಒಳಗೆ ಏನನ್ನೂ ತುಂಬದ ಖಾಲಿ ಟ್ಯಾಗುಗಳನ್ನು ಮೈಲಿಗಲ್ಲಿನಂತೆ ನೆಡುವುದು:

<ಸಾಲು ಸಂಖ್ಯೆ="3">ದೋಚಿದನೆಲ್ಲವ ಹೇಗೆನೆ, <ಶ್ಲೇಷೆ-ಆರಂಭ ಗುರುತು="ಶ್ಲೇ1"/>ಹಾಡು-</ಸಾಲು>
<ಸಾಲು ಸಂಖ್ಯೆ="4">ಹಗಲೇ!<ಶ್ಲೇಷೆ-ಅಂತ್ಯ ಗುರುತು="ಶ್ಲೇ1"/> ಪೊಲೀಸು ಕೇಳುವುದಿಲ್ಲ.</ಸಾಲು>

ಹೊಸದಾಗಿ ಕೈಹಾಕುವವರಿಗೆ ನನ್ನ ಶಿಫಾರಸು ಇದೇ. ಮೂರನೆಯ ದಾರಿ, ಪದ್ಯವನ್ನು ಮುಟ್ಟದೆ ಒಂದು ಕಡತದಲ್ಲಿಟ್ಟು, ಇಷ್ಟನೆಯ ಅಕ್ಷರದಿಂದ ಇಷ್ಟನೆಯ ಅಕ್ಷರದವರೆಗೆ ಶ್ಲೇಷೆ ಎಂದು ಗುರುತುಗಳನ್ನೆಲ್ಲ ಬೇರೆ ಕಡತದಲ್ಲಿ ಬರೆಯುವುದು. ಟ್ಯಾಗ್ ಬರೆಯಲು ಹಿಂಜರಿಯುವವರು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕ್ಯಾಟ್ಮಾ ಎಂಬ ಉಚಿತ ಸಾಧನವನ್ನು ನೋಡಬಹುದು. ಮೌಸಿನಿಂದ ಮಾತನ್ನು ಆಯ್ದು ಹೆಸರು ಕೊಟ್ಟರೆ ಸಾಕು, ಒಂದರ ಮೇಲೊಂದು ಗುರುತು ಬಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಒಂದೇ ತೊಂದರೆ, ಅಡ್ಡಿಯಿಲ್ಲದ ಕಾರಣ ಅದು ನಿಮ್ಮನ್ನು ತಡೆದು ನಿಲ್ಲಿಸುವುದೂ ಇಲ್ಲ. ಕಲಿಯುವವರು ಮೊದಲ ಕೆಲವು ಪದ್ಯಗಳನ್ನಾದರೂ ಕೈಯಾರೆ ಬರೆದು ದೋಷಕ್ಕೆ ಮುಖಾಮುಖಿಯಾಗಲಿ.

ಸಾಲು, ಗಣ, ಶ್ಲೇಷೆ ಆದ ಮೇಲೆ ಅರ್ಥದ ಪದರಕ್ಕೆ ಬರಬೇಕು. ಹಾಸ್ಯ ಸಿದ್ಧಾಂತಿ ವಿಕ್ಟರ್ ರಾಸ್ಕಿನ್ 1985ರ ತನ್ನ ಪುಸ್ತಕದಲ್ಲಿ, ನಗೆಮಾತು ಒಂದೇ ಪಠ್ಯವನ್ನು ಪರಸ್ಪರ ವಿರುದ್ಧವಾದ ಎರಡು ಸನ್ನಿವೇಶ-ಚೌಕಟ್ಟುಗಳಿಗೆ ಹೊಂದುವಂತೆ ಇಟ್ಟಿರುತ್ತದೆ ಎಂದ. ನಮ್ಮ ಪದ್ಯದಲ್ಲಿ ಆ ಚೌಕಟ್ಟುಗಳು ಸಂಗೀತ ಮತ್ತು ಕಳವು. ಪ್ರತಿ ಮುಖ್ಯ ಮಾತಿಗೂ ಅದು ಯಾವ ಲೋಕದ್ದು ಎಂಬ ಗುಣವಾಚಿ ಹಾಕುತ್ತ ಹೋದರೆ ಹಂಚಿಕೆ ಸ್ಪಷ್ಟವಾಗುತ್ತದೆ: ‘ಹಾಡು’ ಬರುವ ಮೊದಲು ಸಂಗೀತದ ಕಡೆಗೆ ‘ಗಾಯಕ’ ಒಂದೇ, ಕಳವಿನ ಕಡೆಗೆ ‘ಗಂಟು’, ‘ಕಾವಲು’, ‘ದೋಚಿದ’ ಎಂಬ ಮೂರು. ಕಳವಿನ ಮಾತುಗಳ ಒತ್ತಡದಲ್ಲಿ ಗಾಯಕ ಹಿಂದೆ ಸರಿದಿರುತ್ತಾನೆ, ‘ಹಾಡು’ ಅವನನ್ನು ತಟ್ಟನೆ ಮುಂದೆ ತರುತ್ತದೆ. ನಗು ಎರಡು ಲೋಕಗಳ ಹೆಸರಿನಿಂದಷ್ಟೇ ಬರುವುದಿಲ್ಲ, ಅವುಗಳ ಮಾತುಗಳು ಯಾವ ಕ್ರಮದಲ್ಲಿ, ಎಷ್ಟು ದೂರದಲ್ಲಿ ಬರುತ್ತವೆ ಎಂಬುದರಿಂದ ಬರುತ್ತದೆ. ದೂರ-ಕ್ರಮಗಳನ್ನು ಅಳೆಯಲು ಟ್ಯಾಗಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಸಾಲ್ವಟೋರ್ ಅಟಾರ್ಡೊ 2001ರ ಪುಸ್ತಕದಲ್ಲಿ ಮಾಡಿದ ಇನ್ನೊಂದು ಭೇದವೂ ಉಪಯುಕ್ತ: ನಡುನಡುವೆ ಬಂದುಹೋಗುವ ಚುಚ್ಚು ಬೇರೆ, ಕೊನೆಯಲ್ಲಿ ಕಥೆಯನ್ನೇ ತಿರುಗಿಸುವ ಹೊಡೆತ ಬೇರೆ. ‘ಹಾಡುಹಗಲೇ’ ಎಂಬುದು ಹೊಡೆತವಾದರೆ, ‘ಪೊಲೀಸು ಕೇಳುವುದಿಲ್ಲ’ ಎಂಬುದು ಆಮೇಲಿನ ಚುಚ್ಚು. ಆ ಚುಚ್ಚಿನ ಜಾಗದಲ್ಲಿ ‘ಪೊಲೀಸು’ ಲಘು-ಗುರುವಿನಿಂದ ಆರಂಭವಾಗಿ ನಡೆಯನ್ನು ಎಡವಿಸುತ್ತದೆ. ಮಾತ್ರೆ ನಾಲ್ಕೇ ಇದ್ದರೂ ಗಣದ ಮೊದಲಲ್ಲಿ ‘ಲಗ’ ಬರಬಾರದೆಂಬುದು ಬಲ್ಲವರ ಮಾತು. ಅದನ್ನೂ ಗುಣವಾಚಿಯಲ್ಲಿ ಬರೆದಿಡಿ.

ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಛಂದಸ್ಸಿನ ಕಡೆಯಿಂದಲೇ ಬರುತ್ತದೆ. ಗಣ ಪದವನ್ನು ಕತ್ತರಿಸುವುದು, ವಾಕ್ಯ ಸಾಲು ದಾಟುವುದು ಕನ್ನಡ ಕಾವ್ಯದಲ್ಲಿ ನಿತ್ಯದ ಸಂಗತಿ. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡಿಗೆಯಲ್ಲಿ ಕುಮಾರವ್ಯಾಸನ ಪದಗಳು ಗಣದ ಗಡಿಯನ್ನು ಲೆಕ್ಕಿಸುವುದೇ ಇಲ್ಲ, ಯುದ್ಧದ ವರ್ಣನೆಯಲ್ಲೂ ಶೋಕದಲ್ಲೂ ಅಡ್ಡಬೀಳುವಿಕೆ ಉಂಟು. ಹಾಗಾದರೆ ಅಡ್ಡಬಿದ್ದಲ್ಲೆಲ್ಲ ನಗು ಏಕಿಲ್ಲ? ಆಕ್ಷೇಪ ನ್ಯಾಯವಾದದ್ದು, ಹಾಗಾಗಿ ವಾದವನ್ನು ಬಿಗಿಗೊಳಿಸಬೇಕು. ನಮ್ಮ ಪದ್ಯದಲ್ಲೇ ‘ದೋಚಿದನೆಲ್ಲವ’ ಎಂಬಲ್ಲಿ ಗಣ ಮಾತನ್ನು ಸೀಳಿದೆ, ಆದರೆ ‘ನೆಲ್ಲವ’ ಎಂಬ ತುಂಡಿಗೆ ಸ್ವಂತ ಅರ್ಥವಿಲ್ಲದ ಕಾರಣ ಕಿವಿ ಅದನ್ನು ಗಮನಿಸುವುದೇ ಇಲ್ಲ. ‘ಹಾಡು’ ಹಾಗಲ್ಲ. ಗಡಿಯ ಈಚೆ ನಿಂತಾಗ ಅದು ಪೂರ್ಣ ಪದ, ಗಡಿ ದಾಟಿದಾಗ ಬೇರೆ ಪದದ ಭಾಗ. ತುಂಡಾದ ಮೇಲೂ ತುಂಡು ತನ್ನಷ್ಟಕ್ಕೆ ಅರ್ಥ ಕೊಡಬೇಕು, ಆ ಅರ್ಥ ಇಡೀ ಮಾತಿನ ಅರ್ಥದೊಂದಿಗೆ ಜಗಳವಾಡಬೇಕು. ಆಗ ಮಾತ್ರ ಅಡ್ಡಬೀಳುವಿಕೆ ಹಾಸ್ಯದ ಕೀಲಾಗುತ್ತದೆ. ಪರೀಕ್ಷೆಯೂ ಸುಲಭ. ಕೊನೆಯ ಎರಡು ಸಾಲನ್ನು ಗದ್ಯದಂತೆ ಒಂದೇ ಸಾಲಾಗಿ ಬರೆದು ಓದಿ. ನಗು ಕುಂದಿದರೆ ಅದು ರಚನೆಯಲ್ಲಿತ್ತು, ಕುಂದದಿದ್ದರೆ ಬರೀ ಮಾತಿನಲ್ಲಿತ್ತು.

ಎಲ್ಲ ನಗೆಪದ್ಯಗಳೂ ಈ ಅಳತೆಗೆ ಬರುತ್ತವೆ ಎಂದು ನಾನು ಹೇಳುವುದಿಲ್ಲ. 1846ರಲ್ಲಿ ‘ಎ ಬುಕ್ ಆಫ್ ನಾನ್‌ಸೆನ್ಸ್’ ಪ್ರಕಟಿಸಿದ ಎಡ್ವರ್ಡ್ ಲಿಯರನ ಲಿಮರಿಕ್ಕುಗಳಿಗೆ ಟ್ಯಾಗ್ ಹಾಕಿದರೆ ಒಂದೂ ದೋಷ ಬಾರದೆ ಎಲ್ಲವೂ ಕೂರುತ್ತವೆ. ಒಂದನೆಯ, ಎರಡನೆಯ, ಐದನೆಯ ಸಾಲಿಗೆ ಒಂದು ಪ್ರಾಸ, ನಡುವಿನ ಎರಡು ಗಿಡ್ಡ ಸಾಲಿಗೆ ಇನ್ನೊಂದು. ಅವನು ಮೊದಲ ಸಾಲಿನ ಕೊನೆಯ ಮಾತನ್ನೇ ಕೊನೆಯ ಸಾಲಿನಲ್ಲೂ ಹಲವು ಸಲ ಮರಳಿ ಬಳಸುತ್ತಾನೆ, ನಂತರದ ಲಿಮರಿಕ್ ಕವಿಗಳು ಅಲ್ಲಿ ಹೊಸ ಪ್ರಾಸಪದವೊಂದನ್ನು ಸಿಡಿಸುತ್ತಾರೆ. ಅವನಲ್ಲಿ ನಗು ಇರುವುದು ಸಿಡಿಯಬೇಕಾದ ಕಡೆ ಸಿಡಿಯದೆ ಸುತ್ತಿ ಮನೆಗೆ ಮರಳುವುದರಲ್ಲಿ. ಇದನ್ನು ಹಿಡಿಯಲು ಅಡ್ಡಬೀಳುವಿಕೆ ಬೇಕಿಲ್ಲ, ಪ್ರಾಸಪದಗಳಿಗೆ ಗುರುತಿನ ಸಂಖ್ಯೆ ಕೊಟ್ಟರೆ ಸಾಕು. ದಿನಕರ ದೇಸಾಯಿಯವರ ಚೌಪದಿಗಳಲ್ಲೂ ಸಾಲು-ವಾಕ್ಯಗಳ ಹೊಂದಾಣಿಕೆ ಹೆಚ್ಚು, ಅವರ ಕುಟುಕು ಸಮಾಜದ ಮೇಲಿನದು, ಪದ ಒಡೆಯುವ ಆಟದ್ದಲ್ಲ. ಡುಂಡಿರಾಜರ ಹನಿಗವನಗಳಿಗೆ ಬಂದರೆ ಚಿತ್ರವೇ ಬದಲಾಗುತ್ತದೆ, ಪದವನ್ನು ಒಡೆದು ಸಾಲಿನಿಂದ ಸಾಲಿಗೆ ಇಳಿಸುವುದು ಅಲ್ಲಿನ ಬಲ. ಇನ್ನು ಕೈಲಾಸಂ ಅವರ ‘ಕೋಳೀಕೆರಂಗ’ದಲ್ಲಿ ಹೆಸರನ್ನು ಅಕ್ಷರಅಕ್ಷರವಾಗಿ ಬಿಡಿಸಿ ಹಾಡುವುದೇ ತಮಾಷೆಯಾದ್ದರಿಂದ, ಸಾಲು-ಗಣಗಳ ಜೊತೆಗೆ ಅಕ್ಷರಕ್ಕೂ ಒಂದು ಟ್ಯಾಗ್ ಬೇಕಾಗುತ್ತದೆ. ಯಾವ ಪದರಗಳನ್ನು ಗುರುತಿಸಬೇಕೆಂದು ಪದ್ಯವೇ ಹೇಳುತ್ತದೆ. ಮೊದಲೇ ಸಿದ್ಧಪಡಿಸಿದ ಟ್ಯಾಗುಗಳ ಪಟ್ಟಿಯನ್ನು ಎಲ್ಲದರ ಮೇಲೂ ಹೇರುವುದು ಕೆಟ್ಟ ಓದು.

ಹಾಸ್ಯವನ್ನು ಬಿಡಿಸಿದರೆ ಹಾಸ್ಯ ಸಾಯುತ್ತದೆ ಎಂಬ ಮಾತು ಹಳೆಯದು. ನಗದೆ ಬಿಡಿಸಲು ಕೂತರೆ ಅದು ನಿಜ. ಮೊದಲು ಓದಿ ನಕ್ಕವರು ಆಮೇಲೆ ಟ್ಯಾಗ್ ಹಾಕಿದರೆ ಏನೂ ಕಳೆದುಹೋಗುವುದಿಲ್ಲ. ಸಂಗೀತ ಕಛೇರಿಗೆ ಸ್ವರ ಬರೆದುಕೊಂಡವರಿಗೆ ರಾಗ ಸತ್ತಿಲ್ಲ. ಇದಕ್ಕಿಂತ ಗಂಭೀರವಾದ ಅನುಮಾನ ಬೇರೆ ಇದೆ: ಶ್ಲೇಷೆ ಎಲ್ಲಿ ಆರಂಭವಾಯಿತು ಎಂಬುದು ಓದುಗನ ಅಭಿಪ್ರಾಯವಲ್ಲವೇ, ಅದಕ್ಕೆ ಕೋನಾಕೃತಿಯ ಆವರಣ ಹಾಕಿದ ಮಾತ್ರಕ್ಕೆ ಅದು ವಿಜ್ಞಾನವಾಗುತ್ತದೆಯೇ? ಆಗುವುದಿಲ್ಲ. ಆದರೆ ಟ್ಯಾಗ್ ಹಾಕಿದ ಅಭಿಪ್ರಾಯವನ್ನು ಇನ್ನೊಬ್ಬರು ಪರಿಶೀಲಿಸಬಹುದು. ‘ಈ ಪದ್ಯ ಚುರುಕಾಗಿದೆ’ ಎಂಬ ಮಾತನ್ನು ಅಲ್ಲಗಳೆಯಲು ದಾರಿಯಿಲ್ಲ. ‘ಶ್ಲೇಷೆ ಹಾಡು ಎಂಬಲ್ಲಿಂದ ಆರಂಭ’ ಎಂಬುದನ್ನು ‘ಅಲ್ಲ, ಗಾಯಕ ಎಂಬಲ್ಲಿಂದಲೇ’ ಎಂದು ಎದುರಿಸಬಹುದು. ಯಾರು ಗುರುತು ಹಾಕಿದರು, ಎಷ್ಟು ಖಚಿತವಾಗಿ ಎಂದು ಬರೆಯಲು ಟಿಇಐನಲ್ಲಿ ವ್ಯವಸ್ಥೆಯಿದೆ, ನೀವು ‘ಹೊಣೆ’, ‘ಖಚಿತತೆ’ ಎಂಬ ಗುಣವಾಚಿ ಇಟ್ಟುಕೊಳ್ಳಿ. ಇಬ್ಬರು ಪರಸ್ಪರ ನೋಡದೆ ಒಂದೇ ಪದ್ಯಕ್ಕೆ ಟ್ಯಾಗ್ ಹಾಕಿ ಹೋಲಿಸಿದರೆ, ಅವರು ಒಪ್ಪದ ಜಾಗಗಳೇ ಚರ್ಚೆಗೆ ಒಳ್ಳೆಯ ಆರಂಭ. ಪೆನ್ಸಿಲ್ ಸಾಲದೇ ಎಂದು ಕೇಳುವವರಿಗೆ, ಒಂದು ಪದ್ಯಕ್ಕೆ ಧಾರಾಳ ಸಾಕು. ಮುನ್ನೂರು ಪದ್ಯಗಳಲ್ಲಿ ನಿಯಮ ಮತ್ತು ವಾಸ್ತವ ಬೇರೆಯಾದ ಗಣಗಳನ್ನೆಲ್ಲ ಒಟ್ಟಿಗೆ ತೋರಿಸು ಎಂದು ಪೆನ್ಸಿಲ್ಲಿಗೆ ಹೇಳಲಾಗದು. ಗಣಗಳಿಗೆ ‘ನಿಯಮ’, ‘ವಾಸ್ತವ’ ಎಂಬ ಎರಡು ಗುಣವಾಚಿಗಳನ್ನು ಹಾಕಿಟ್ಟಿದ್ದರೆ ಹುಡುಕಾಟದ ಭಾಷೆಯಲ್ಲಿ ಅದು ಒಂದೇ ಸಾಲು:

//ಗಣ[@ನಿಯಮ != @ವಾಸ್ತವ]

ಕನ್ನಡಕ್ಕೇ ವಿಶಿಷ್ಟವಾದ ಕೆಲವು ತೊಡಕುಗಳನ್ನು ಮೊದಲೇ ತಿಳಿದಿರಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ರಾಶಿ, ಅದನ್ನು ಯೂನಿಕೋಡಿಗೆ ಬದಲಾಯಿಸದೆ ಟ್ಯಾಗ್ ಹಾಕಬೇಡಿ. ಯೂನಿಕೋಡಿನಲ್ಲೂ ‘ಪೊಲೀಸು’ ಎಂಬುದರ ‘ಪೊ’, ‘ಲೀ’ಗಳ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳ ಜೋಡಿಯಾಗಿ ಬರೆಯಬಹುದು. ನೋಟ ಒಂದೇ, ಯಂತ್ರಕ್ಕೆ ಎರಡು ಬೇರೆ ಮಾತು. ತೆರೆಯುವ ಟ್ಯಾಗು ಒಂದು ಬಗೆಯಲ್ಲಿ, ಮುಚ್ಚುವುದು ಇನ್ನೊಂದು ಬಗೆಯಲ್ಲಿ ಇದ್ದರೆ ಕಾರಣವೇ ಕಾಣದ ದೋಷ ಬರುತ್ತದೆ, ಆದ್ದರಿಂದ ಇಡೀ ಕಡತವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು ಯುಟಿಎಫ್-8ರಲ್ಲಿ ಉಳಿಸಿ. ‘ಸಾಫ್ಟ್‌ವೇರ್’ನಂಥ ಮಾತುಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅಗೋಚರ ಚಿಹ್ನೆಯನ್ನು ಟ್ಯಾಗಿನ ಹೆಸರಿನಲ್ಲಿ ಬಳಸಬೇಡಿ. ಎಕ್ಸ್‌ಎಮ್‌ಎಲ್ಲಿನ 2008ರ ಐದನೆಯ ಆವೃತ್ತಿ ಅದಕ್ಕೆ ಅನುಮತಿ ಕೊಟ್ಟಿದ್ದರೂ ಹಳೆಯ ನಿಯಮಕ್ಕೆ ಅಂಟಿಕೊಂಡ ತಂತ್ರಾಂಶಗಳು ಇವೆ. ಲಘು-ಗುರುಗಳನ್ನು ಯಂತ್ರವೇ ಎಣಿಸಲಿ ಎಂದು ಬಿಡುವ ಮುನ್ನ, ‘ಕ್ಕ’ ಎಂಬ ಒಂದಕ್ಷರ ಯಂತ್ರಕ್ಕೆ ಮೂರು ಸಂಕೇತ ಎಂಬುದನ್ನು ನೆನಪಿಡಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಕಲಿಸಿದರೂ, ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿಯುವ ಶಿಥಿಲದ್ವಿತ್ವ ಬಂದಲ್ಲಿ ತೀರ್ಮಾನ ಕಿವಿಯದೇ.

ಕೊನೆಯದಾಗಿ ಹಕ್ಕಿನ ವಿಷಯ. ಭಾರತದ ಕಾನೂನಿನಂತೆ ಕವಿ ಬದುಕಿದ್ದಾಗ ಪ್ರಕಟವಾದ ಕೃತಿಗೆ ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಅಂಥ ರಚನೆಗಳು ಈಗ ಎಲ್ಲರವು, 1982ರಲ್ಲಿ ತೀರಿಕೊಂಡ ದಿನಕರ ದೇಸಾಯಿಯವರವು 2042ರ ಕೊನೆಯವರೆಗೆ ಹಾಗಲ್ಲ, ಬದುಕಿರುವ ಕವಿಗಳ ಮಾತಂತೂ ಕೇಳಬೇಕಿಲ್ಲ. ನಿಮ್ಮ ಓದಿಗೆ ಟ್ಯಾಗ್ ಹಾಕಿಕೊಳ್ಳುವುದು ಒಂದು, ಹಾಕಿದ ಪದ್ಯವನ್ನು ಹಂಚುವುದು ಇನ್ನೊಂದು. ಮೇಲೆ ಹೇಳಿದ ಮೂರನೆಯ ದಾರಿ ಇಲ್ಲಿ ಕೈಹಿಡಿಯುತ್ತದೆ: ಗುರುತುಗಳು ಬೇರೆ ಕಡತದಲ್ಲಿದ್ದರೆ, ಪದ್ಯವನ್ನು ಬಿಟ್ಟು ಅದನ್ನಷ್ಟೇ ಇತರರಿಗೆ ಕೊಡಬಹುದು. ಯಾವ ಮುದ್ರಣದ ಯಾವ ಪುಟದ ಪದ್ಯಕ್ಕೆ ಈ ಗುರುತುಗಳು ಸೇರಿವೆ ಎಂದು ಕಡತದ ಮೊದಲಲ್ಲೇ ಬರೆದಿಡಿ. ಸಂಕಲನ ಕೈಯಲ್ಲಿರುವ ಇನ್ನೊಬ್ಬ ಓದುಗರು ಅವನ್ನು ತಮ್ಮ ಪ್ರತಿಯ ಮೇಲೆ ಇಟ್ಟು, ನೀವು ನಗು ಎಂದು ಗುರುತಿಸಿದ ಕಡೆ ತಾವೂ ನಕ್ಕರೋ ಇಲ್ಲವೋ ನೋಡಿಕೊಳ್ಳಬಹುದು.